ಆರನೇ ತರಗತಿಯ ಮಕ್ಕಳಿಗೆ ಜಲಾನಯನ ಪ್ರದೇಶವನ್ನು (ಒಂದು ನದಿಗೆ ಮಳೆನೀರು ಹರಿದು ಬರುವ ಇಡೀ ನೆಲವನ್ನು) ಹೇಗೆ ವಿವರಿಸಬೇಕು?

ಪ್ರಶ್ನೆ (ಶಿಕ್ಷಕಿ, ಹೊಸಪೇಟೆ)

ನಮ್ಮ ಮಕ್ಕಳು ತುಂಗಭದ್ರಾ ಜಲಾಶಯವನ್ನು ನೋಡುತ್ತಲೇ ಬೆಳೆದವರು. ಆದರೂ ಇಲ್ಲಿ ಹನಿ ಮಳೆಯಿಲ್ಲದ ದಿನಗಳಲ್ಲಿ ಒಳಹರಿವು ಏರುವುದು ಏಕೆ ಎಂಬುದು ಅವರಿಗೆ ಒಗಟಾಗಿದೆ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಅಡಿಯಷ್ಟಿದ್ದ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಂಗ್ರಹ ಸಾಮರ್ಥ್ಯವು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿರುವುದನ್ನು ಹೇಳಿದರೆ, ಆ ಮಣ್ಣು ಯಾರದು ಎಂದು ಒಬ್ಬ ಹುಡುಗಿ ಕೇಳಿದಳು. ಇದನ್ನು ಪಾಠವಾಗಿ ಕಟ್ಟುವುದು ಹೇಗೆ?

ಉತ್ತರ 1 (ನಿವೃತ್ತ ಶಿಕ್ಷಕ, ಶಿವಮೊಗ್ಗ)

ಮೇಡಂ, ಹೆಂಚಿನ ಮಾಡಿನಿಂದ ಆರಂಭಿಸಿ. ಮಾಡಿನ ನೆತ್ತಿಯ ಎರಡು ಬದಿಗೆ ಬಿದ್ದ ಹನಿಗಳು ಮತ್ತೆ ಕೂಡುವುದಿಲ್ಲ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿಯೂ ಹೀಗೆಯೇ: ಅಲ್ಲಿ ಹುಟ್ಟುವ ತುಂಗಾ, ಭದ್ರಾ ನದಿಗಳು ಪೂರ್ವದ ಕಡೆಗೆ ಸಾಗಿ ಕೂಡ್ಲಿಯಲ್ಲಿ ಒಂದಾಗುತ್ತವೆ, ಅಲ್ಲಿಯೇ ಹುಟ್ಟುವ ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಮಲೆನಾಡಿನ ಮಳೆಯೇ ನಿಮ್ಮ ಒಳಹರಿವು ಎಂಬುದು ನಕ್ಷೆಯ ಮೇಲೆ ಬೆರಳಾಡಿಸಿದರೆ ಅವರಿಗೇ ತಿಳಿಯುತ್ತದೆ.

ಉತ್ತರ 2 (ಕೃಷಿಕ, ಹಾವೇರಿ ಜಿಲ್ಲೆ)

ಆ ಹುಡುಗಿಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ, ಏಕೆಂದರೆ ಆ ಹೂಳಿನಲ್ಲಿ ನಮ್ಮ ಹೊಲಗಳ ಮೇಲ್ಮಣ್ಣೂ ಇದೆ. ಮೂರು ಟ್ರೇಗಳನ್ನು ಸಮನಾಗಿ ಓರೆಯಿಟ್ಟು, ಒಂದರಲ್ಲಿ ಗರಿಕೆ ಸಹಿತ ಮಣ್ಣನ್ನು, ಉಳಿದೆರಡರಲ್ಲಿ ಬರಿ ಮಣ್ಣನ್ನು ತುಂಬಿ, ಆ ಎರಡರ ಪೈಕಿ ಒಂದಕ್ಕೆ ಇಳಿಜಾರಿನುದ್ದಕ್ಕೂ, ಇನ್ನೊಂದಕ್ಕೆ ಅಡ್ಡಲಾಗಿ ಬೆರಳಿನಿಂದ ಸಾಲು ಎಳೆಯಿರಿ. ತೂತು ಕೊರೆದ ಡಬ್ಬಿಯಿಂದ ಒಂದೇ ಅಳತೆಯ ನೀರು ಸುರಿಸಿ, ಹರಿದು ಬಂದುದನ್ನು ಗಾಜಿನ ಲೋಟಗಳಲ್ಲಿ ಹಿಡಿದರೆ, ಬದು ಮತ್ತು ಅಡ್ಡ ಉಳುಮೆ ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮರ ನೆಟ್ಟರೆ ಸವಕಳಿ ನಿಲ್ಲುತ್ತದೆ ಎಂಬ ಒಂದೇ ಸಾಲಿನ ಪಾಠ ನನಗೆ ಸಾಲದೆನಿಸುತ್ತದೆ. ಲೋಟಗಳನ್ನು ಮರುದಿನದವರೆಗೆ ಅಲುಗಿಸದೆ ಇಡಿ: ಮರಳು ಮೊದಲು ತಳ ಸೇರಿ, ಜೇಡಿ ನಿಧಾನವಾಗಿ ಇಳಿಯುವುದನ್ನು ನೋಡಿದ ಮಕ್ಕಳಿಗೆ, ವೇಗ ಕಳೆದುಕೊಂಡ ನೀರು ಜಲಾಶಯದಲ್ಲಿ ಮಣ್ಣನ್ನು ಇಳಿಸುವ ಬಗೆ ಅರ್ಥವಾಗುತ್ತದೆ.

ಉತ್ತರ 3 (ಶಿಕ್ಷಕ, ರಾಯಚೂರು ಜಿಲ್ಲೆ)

ನದಿಯ ಬಳಕೆಯನ್ನೂ ಸೇರಿಸಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ (ನೀರು ಹೊರಬಿಡುವ ಮೇಲ್ಭಾಗದ ಬಾಗಿಲು) ಕೊಚ್ಚಿಹೋದಾಗ, ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ನಮ್ಮ ಮಕ್ಕಳ ಮನೆಗಳಲ್ಲಿ ಭತ್ತದ ಮಾತೇ ಮಾತಾಗಿತ್ತು. ಮೇಲಿನವರು, ಕೆಳಗಿನವರು, ಮೀನುಗಾರರು, ಕುಡಿಯುವ ನೀರು ಕೇಳುವ ಪಟ್ಟಣದವರು ಎಂದು ಗುಂಪು ಮಾಡಿ, ಒಂದು ಕೊಡ ನೀರನ್ನು ಅವರೇ ಹಂಚಿಕೊಳ್ಳಲಿ.

ಪ್ರಶ್ನೆ ಕೇಳಿದವರು

ನಮ್ಮ ಶಾಲೆಯದು ತಾರಸಿ ಕಟ್ಟಡ; ಮಾಡಿನ ಬದಲು ಹಳೆಯ ಪುಸ್ತಕವೊಂದನ್ನು ತೆರೆದು ಬೋರಲಿಟ್ಟು ಸೋಮವಾರ ಪಾಠ ಆರಂಭಿಸುತ್ತೇನೆ. ಟ್ರೇಗಳಿಗೆ ಮಣ್ಣನ್ನು ಮಕ್ಕಳೇ ತಮ್ಮ ತಮ್ಮ ಹೊಲಗಳಿಂದ ತರಲಿದ್ದಾರೆ.