ಸಬ್‌ಮರೀನ್ ಕಾಣೆಯಾದರೆ ಒಳಗಿದ್ದವರು ಎಷ್ಟು ಹೊತ್ತು ಬದುಕಬಹುದು? ನಮ್ಮ ಗ್ರೂಪಿನ ನಿವೃತ್ತ ಸಬ್‌ಮರೀನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಗೋಣಿಕೊಪ್ಪದ ಕಾಫಿ ಬೆಳೆಗಾರ): ಚೀಫ್, ನಮಸ್ಕಾರ. ನೀವು ಸಬ್‌ಮರೀನ್‌ನಲ್ಲೇ ಸರ್ವಿಸ್ ಮುಗಿಸಿ ಬಂದವರು ಅಂತ ಇಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ನನ್ನ ತಂಗಿಯ ಮಗ ನೇವಿ ಸೇರಿ ಈಗ ಸಬ್‌ಮರೀನ್‌ಗೆ ಹೆಸರು ಕೊಟ್ಟಿದ್ದಾನೆ. ಅವಳು ಅರ್ಜೆಂಟೀನಾದ ಸಾನ್ ಹುವಾನ್, ಇಂಡೋನೇಷ್ಯಾದ ನಂಗಾಲಾ ಅಂತ ಮುಳುಗಿಹೋದ ಸಬ್‌ಮರೀನ್‌ಗಳ ವಿಡಿಯೊ ಒಂದರ ಮೇಲೊಂದು ನೋಡಿ ನಿದ್ದೆ ಬಿಟ್ಟಿದ್ದಾಳೆ. ಒಂದರಲ್ಲಿ 7 ದಿನದ ಆಕ್ಸಿಜನ್ ಇತ್ತು ಅಂತಾರೆ, ಇನ್ನೊಂದರಲ್ಲಿ 72 ಗಂಟೆ. ಅಷ್ಟು ಸಮಯ ಇದ್ದೂ ಒಬ್ಬರನ್ನೂ ಉಳಿಸೋಕೆ ಆಗಲಿಲ್ಲ ಯಾಕೆ? ನಿಜ ಹೇಳಿ. ಸಮಾಧಾನದ ಮಾತು ನಾನೇ ಹೇಳಿ ಸಾಕಾಗಿದೆ.

ಉತ್ತರ: ನಿಜವನ್ನೇ ಹೇಳುತ್ತೇನೆ. ಟಿವಿಯವರು ಮೂಲೆಯಲ್ಲಿ ಓಡಿಸುವ ಆ ಆಕ್ಸಿಜನ್ ಗಡಿಯಾರಕ್ಕೆ ಒಂದು ಷರತ್ತು ಇದೆ, ಅದನ್ನು ಯಾರೂ ಹೇಳುವುದಿಲ್ಲ. ಸಬ್‌ಮರೀನಿನ ಉಕ್ಕಿನ ಒಡಲು ಒಡೆಯದೆ ಇದ್ದರೆ ಮಾತ್ರ ಆ ಲೆಕ್ಕ. ಒಡೆದಿದ್ದರೆ ಗಡಿಯಾರವೇ ಇಲ್ಲ.

ಅದಕ್ಕೇ ಸಬ್‌ಮರೀನ್ ಕಾಣೆ ಅಂದ ಕೂಡಲೇ ನಮ್ಮಂಥವರು ಮೊದಲು ಕೇಳುವುದು, ಆ ಜಾಗದಲ್ಲಿ ಕಡಲು ಎಷ್ಟು ಆಳ ಅಂತ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದರೆ ಒಂದೊಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 1 ಕೆಜಿ ಭಾರ ಸೇರುತ್ತದೆ. ನಂಗಾಲಾ ಸಿಕ್ಕಿದ್ದು 838 ಮೀಟರ್‌ನಲ್ಲಿ. ಅಂದರೆ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ 80 ಕೆಜಿಗೂ ಜಾಸ್ತಿ, ನಮ್ಮ ಒಂದೂವರೆ ಚೀಲ ಕಾಫಿ ಚೆರ್ರಿ. ಇಡೀ ಒಡಲಿನ ಮೇಲೆ ಹಾಗೆ. ಸಾಮಾನ್ಯ ಡೀಸೆಲ್ ಸಬ್‌ಮರೀನ್ ಕೆಲವು ನೂರು ಮೀಟರ್‌ಗೆ ಕಟ್ಟಿದ್ದು. ಇಂಜಿನ್ ಹೋಗಿ, ಭಾರ ಹೆಚ್ಚಾಗಿ ಅದರಾಚೆ ಜಾರಿತು ಅಂದರೆ ಒಡಲು ಒಮ್ಮೆಲೇ ಒಳಕ್ಕೆ ಕುಸಿಯುತ್ತದೆ. ಒಳಗಿದ್ದವರಿಗೆ ಏನಾಯಿತು ಅಂತ ಗೊತ್ತಾಗುವಷ್ಟೂ ಹೊತ್ತು ಇರುವುದಿಲ್ಲ. ನಿಮ್ಮ ತಂಗಿಗೆ ಇದನ್ನು ಹೇಳಬೇಕೋ ಬೇಡವೋ ನಿಮಗೇ ಬಿಟ್ಟದ್ದು. ಆದರೆ ಆ ವಿಡಿಯೊಗಳಲ್ಲಿ ತೋರಿಸುವ ಹಾಗೆ 53 ಜನ 72 ಗಂಟೆ ಕತ್ತಲಲ್ಲಿ ಉಸಿರಿಗೆ ಒದ್ದಾಡಲಿಲ್ಲ. 2021ರ ಏಪ್ರಿಲ್ 21ರ ಬೆಳಗಿನ ಜಾವ ಅದು ಬಾಲಿ ದ್ವೀಪದ ಉತ್ತರಕ್ಕೆ ಟಾರ್ಪಿಡೊ ಅಭ್ಯಾಸಕ್ಕೆ ಮುಳುಗಿತು, 25ಕ್ಕೆ ಮೂರು ತುಂಡಾಗಿ ಸಿಕ್ಕಿತು.

ಸಾನ್ ಹುವಾನ್ ಕತೆಯೂ ಹಾಗೇ. 2017ರ ನವೆಂಬರ್ 15, ಒಳಗೆ 44 ಜನ. ಸ್ನಾರ್ಕೆಲ್ ಅಂದರೆ ಡೀಸೆಲ್ ಇಂಜಿನ್‌ಗೆ ಮೇಲಿನ ಗಾಳಿ ಎಳೆಯುವ ಕೊಳವೆ. ಅದರ ಮೂಲಕ ನೀರು ನುಗ್ಗಿ ಮುಂದಿನ ಬ್ಯಾಟರಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿದೆ ಅಂತ ಅವರೇ ತಿಳಿಸಿದ್ದರು. ಉಪ್ಪುನೀರು ಮತ್ತು ಬ್ಯಾಟರಿ ಸೇರಿದರೆ ಬೆಂಕಿ ಒಂದು ಕಡೆ, ಕ್ಲೋರಿನ್ ಗ್ಯಾಸ್ ಇನ್ನೊಂದು ಕಡೆ. ಸರ್ವಿಸ್ ಉದ್ದಕ್ಕೂ ನಾನು ಅತಿ ಹೆಚ್ಚು ಹೆದರಿದ್ದು ಶತ್ರುವಿಗಲ್ಲ, ಬ್ಯಾಟರಿ ರೂಮಿಗೆ.

ಪ್ರಶ್ನೆ (ಕುಶಾಲನಗರ, ವಿಜ್ಞಾನ ಟೀಚರ್): ಸರ್, ಒಡಲು ಒಡೆಯದೆ ತಳದಲ್ಲಿ ಕೂತಿದೆ ಅಂತಿಟ್ಟುಕೊಳ್ಳೋಣ. ಆಗ ಆಕ್ಸಿಜನ್ ಮುಗಿಯುವುದೇ ದೊಡ್ಡ ಅಪಾಯ ಅಲ್ವಾ?

ಉತ್ತರ: ಅಲ್ಲ ಮೇಡಂ, ಅದಕ್ಕಿಂತ ಮುಂಚೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಿಮ್ಮ ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿಸಬಹುದಾದ ಲೆಕ್ಕ ಇದು. ಸುಮ್ನೆ ಕೂತಿದ್ದರೂ ಒಬ್ಬ ಮನುಷ್ಯ ಗಂಟೆಗೆ ಹೆಚ್ಚುಕಮ್ಮಿ 15ರಿಂದ 20 ಲೀಟರ್ ಬಿಡುತ್ತಾನೆ. 44 ಜನ ಅಂದರೆ ಗಂಟೆಗೆ ಸುಮಾರು 800 ಲೀಟರ್. ಒಳಗೆ 400 ಘನ ಮೀಟರ್ ಗಾಳಿ ಇದೆ ಅಂತ ಉದಾಹರಣೆಗೆ ಹಿಡಿದರೆ, 5 ಗಂಟೆಗೆ ಶೇ 1ರಷ್ಟು ಏರಿತು. ಶೇ 3ಕ್ಕೆ ತಲೆ ಸಿಡಿಯುತ್ತದೆ, ಏದುಸಿರು. ಶೇ 5 ದಾಟಿದರೆ ಬುದ್ಧಿ ಓಡುವುದಿಲ್ಲ, ಒಂದು ವಾಲ್ವ್ ತಿರುಗಿಸಲೂ ಆಗುವುದಿಲ್ಲ. ಇಷ್ಟಾಗುವಾಗ ಆಕ್ಸಿಜನ್ ಇನ್ನೂ ಶೇ 15ರ ಆಸುಪಾಸು ಇರುತ್ತದೆ! ಹಳೆ ಬಾವಿಗೆ ಇಳಿಯುವ ಮೊದಲು ನಮ್ಮ ಹಿರಿಯರು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರಲ್ಲ, ಅದೇ ಕೆಟ್ಟ ಗಾಳಿಯ ವಿಷಯ.

ಇದಕ್ಕೆ ಲಿಥಿಯಂ ಹೈಡ್ರಾಕ್ಸೈಡ್ ಪರದೆಗಳನ್ನು ತೂಗುಹಾಕುತ್ತಾರೆ, ಅವು ಆ ಗ್ಯಾಸನ್ನು ಹೀರುತ್ತವೆ. ಆಕ್ಸಿಜನ್‌ಗೆ ಕ್ಯಾಂಡಲ್ ಅಂತ ಇದೆ. ಮೇಣದ್ದಲ್ಲ, ಕ್ಲೋರೇಟ್ ಉಪ್ಪಿನದು, ಉರಿದರೆ ಆಕ್ಸಿಜನ್ ಬಿಡುತ್ತದೆ. ಆಮೇಲೆ ಆರ್ಡರ್ ಒಂದೇ: ಮಲಗು, ಮಾತಾಡಬೇಡ. ಗಡಿಬಿಡಿ ಮಾಡುವವನು ಇಬ್ಬರ ಗಾಳಿ ಕುಡಿಯುತ್ತಾನೆ.

ಆದರೆ ಈ ಸಾಮಾನುಗಳೂ ಕೈಕೊಡುತ್ತವೆ. ರಷ್ಯಾದ ಕುರ್ಸ್ಕ್ 2000ದ ಆಗಸ್ಟ್ 12ರಂದು ತನ್ನದೇ ಟಾರ್ಪಿಡೊ ಸಿಡಿದು ಮುಳುಗಿತು, 118 ಜನ. ಬರೀ 108 ಮೀಟರ್ ಆಳ. ಹಿಂದಿನ ಒಂಬತ್ತನೇ ಕಂಪಾರ್ಟ್‌ಮೆಂಟಿನಲ್ಲಿ 23 ಜನ ಬದುಕಿದ್ದರು. ಕ್ಯಾಪ್ಟನ್ ಲೆಫ್ಟಿನೆಂಟ್ ದಿಮಿತ್ರಿ ಕೊಲೆಸ್ನಿಕೊವ್ ಕತ್ತಲಲ್ಲೇ ಅವರ ಹೆಸರುಗಳನ್ನು ಬರೆದಿಟ್ಟ. ಆಕ್ಸಿಜನ್ ಕೊಡುವ ರಾಸಾಯನಿಕದ ತಟ್ಟೆ ಎಣ್ಣೆ ತೇಲುವ ನೀರಿಗೆ ತಾಗಿ ಬೆಂಕಿ ಹತ್ತಿ ಅವರೂ ಹೋದರು. ಹೊರಗಿನ ದೇಶದ ಸಹಾಯಕ್ಕೆ ರಷ್ಯಾ ಒಪ್ಪಿದ್ದು 16ಕ್ಕೆ. ನಾರ್ವೆಯ ಡೈವರ್‌ಗಳು ಬಾಗಿಲು ತೆರೆದದ್ದು 21ಕ್ಕೆ. ಅಷ್ಟೊತ್ತಿಗೆ ಒಳಗೆಲ್ಲ ನೀರು.

ಪ್ರಶ್ನೆ (ಸಂಪಾಜೆ): ಅಲ್ಲ ಮಾರಾಯ್ರೆ, ಕಾರಿನ ಕೀ ಎಲ್ಲಿದೆ ಅಂತ ಮೊಬೈಲ್ ಹೇಳುವ ಕಾಲ ಇದು. ಸಾನ್ ಹುವಾನ್‌ನಂಥ 65 ಮೀಟರ್ ಉದ್ದದ ಕಬ್ಬಿಣ ಹುಡುಕೋಕೆ ಒಂದು ವರ್ಷ ಬೇಕಾ?

ಉತ್ತರ: ನಿಮ್ಮ ಮೊಬೈಲನ್ನು ಒಂದು ಬಕೆಟ್ ಉಪ್ಪುನೀರಿನ ತಳಕ್ಕೆ ಹಾಕಿ ನೋಡಿ (ಹಳೇದು ಹಾಕಿ). ಮಾಮೂಲಿ ರೇಡಿಯೊ, ಜಿಪಿಎಸ್, ಸ್ಯಾಟಲೈಟ್, ಯಾವುದೂ ಕಡಲಿನ ಆಳಕ್ಕೆ ಹೋಗುವುದಿಲ್ಲ. ಅಲ್ಲಿ ದೂರ ಹೋಗುವುದು ಶಬ್ದ ಒಂದೇ. ಅದೂ ನೆಟ್ಟಗೆ ಹೋಗುವುದಿಲ್ಲ, ಬಿಸಿನೀರು ತಣ್ಣೀರಿನ ಪದರ ಸಿಕ್ಕಲ್ಲಿ ಬಾಗುತ್ತದೆ.

ಇನ್ನೊಂದು, ಸಬ್‌ಮರೀನ್ ಕಟ್ಟುವುದೇ ಯಾರಿಗೂ ಸಿಗಬಾರದು ಅಂತ. ತೋಟದಲ್ಲಿ ಆನೆ ನಿಂತ ಹಾಗೆ. ಬೈನೆ ಮರ ಮುರಿಯುವ ಸದ್ದು ಕೇಳಿದರೆ ಎಲ್ಲಿದೆ ಅಂತ ಗೊತ್ತು, ಸುಮ್ಮನೆ ನಿಂತಿತೋ, ರೊಬಸ್ಟಾ ಗಿಡದ ಮಧ್ಯೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಆ ಮೌನವೇ ಯುದ್ಧದಲ್ಲಿ ಜೀವ ಉಳಿಸುತ್ತದೆ, ಅಪಘಾತದಲ್ಲಿ ತೆಗೆಯುತ್ತದೆ.

ಸಾನ್ ಹುವಾನ್ ವಿಷಯದಲ್ಲಿ ಆನೆ ಒಂದು ಸಲ ಸದ್ದು ಮಾಡಿತ್ತು. ಅಣುಬಾಂಬ್ ಪರೀಕ್ಷೆ ಪತ್ತೆಹಚ್ಚಲು ಜಗತ್ತಿನಾದ್ಯಂತ ಕಡಲಲ್ಲಿ ಕಿವಿಗಳನ್ನು, ಅಂದರೆ ಸದ್ದು ಹಿಡಿಯುವ ಯಂತ್ರಗಳನ್ನು, ಇಟ್ಟಿದ್ದಾರೆ. ಅಸೆನ್ಷನ್ ದ್ವೀಪ ಮತ್ತು ಕ್ರೋಜೆ ದ್ವೀಪದ ಹತ್ತಿರದ ಎರಡು ಕಿವಿಗೆ ನವೆಂಬರ್ 15ರಂದೇ ಒಂದು ವಿಚಿತ್ರ ಸದ್ದು ಬಿದ್ದಿತ್ತು. ಅದು ಹೊರಗೆ ಬಂದದ್ದು 23ಕ್ಕೆ. ಮಧ್ಯದಲ್ಲಿ ಸ್ಯಾಟಲೈಟ್ ಫೋನ್ ಕರೆ ಬಂತು ಅಂದರು, ಸಬ್‌ಮರೀನ್‌ದಲ್ಲ. ತಟ್ಟುವ ಸದ್ದು ಕೇಳಿತು ಅಂದರು, ಕಡಲ ಜೀವಿಗಳದ್ದು. ಆಮೇಲೆ ಡಿಸೆಂಬರ್ 1ಕ್ಕೆ ವಿಮಾನದಿಂದ ಒಂದು ಸಿಡಿಮದ್ದು ಕಡಲಿಗೆ ಹಾಕಿ, ಅದರ ಸದ್ದು ಅದೇ ಕಿವಿಗಳಿಗೆ ಹೇಗೆ ತಲುಪುತ್ತದೆ ಅಂತ ಹೋಲಿಸಿ ನೋಡಿದರು. ಒಂದು ವರ್ಷ ಕಳೆದ ಮರುದಿನವೇ, 2018ರ ನವೆಂಬರ್ 16ರಂದು, ಓಷನ್ ಇನ್ಫಿನಿಟಿ ಕಂಪನಿಯ ಹಡಗು ಅದನ್ನು 907 ಮೀಟರ್‌ನಲ್ಲಿ ಕಂಡಿತು. ಇದೇ ಕಂಪನಿ ಮುಂದಿನ ವರ್ಷ ಫ್ರಾನ್ಸಿನ ಮಿನರ್ವ್ ಸಬ್‌ಮರೀನನ್ನೂ ಹುಡುಕಿಕೊಟ್ಟಿತು. ಅದು ಕಾಣೆಯಾದದ್ದು 1968ರಲ್ಲಿ! ಒಂದು ವರ್ಷ ಜಾಸ್ತಿ ಅಂತೀರಲ್ಲ.

ಪ್ರಶ್ನೆ (ಮಡಿಕೇರಿ): ಟೈಟಾನಿಕ್ ನೋಡೋಕೆ ಹೋದ ಟೈಟನ್‌ಗೂ 96 ಗಂಟೆ ಅಂತ ನಾಲ್ಕು ದಿನ ಟಿವಿ ಮುಂದೆ ಕೂರಿಸಿದರಲ್ಲ?

ಉತ್ತರ: ಅದು ನೇವಿಯ ಸಬ್‌ಮರೀನ್ ಅಲ್ಲ, ಸಣ್ಣ ಖಾಸಗಿ ವಾಹನ. ಆದರೆ ಮಾತು ಅದೇ. 2023ರ ಜೂನ್ 18ರಂದೇ ಕುಸಿಯಿತು, ಅಮೆರಿಕದ ನೇವಿಗೆ ಆ ದಿನವೇ ಸದ್ದು ಸಿಕ್ಕಿತ್ತು. ಆದರೂ ಹುಡುಕಿದರು.

ಪ್ರಶ್ನೆ (ಅದೇ ಮಡಿಕೇರಿಯವರು): ಸತ್ತಿದ್ದಾರೆ ಅಂತ ಹೆಚ್ಚುಕಮ್ಮಿ ಗೊತ್ತಿದ್ದೂ ಕೋಟಿಗಟ್ಟಲೆ ಖರ್ಚು ಯಾಕೆ ಅಂತ?

ಉತ್ತರ: "ಹೆಚ್ಚುಕಮ್ಮಿ" ಅಂದಿರಲ್ಲ, ಅದಕ್ಕೇ. 1939ರ ಮೇ ತಿಂಗಳಲ್ಲಿ ಅಮೆರಿಕದ ಸ್ಕ್ವಾಲಸ್ ಮುಳುಗಿತು, 74 ಮೀಟರ್. 26 ಜನ ಹೋದರು, 33 ಜನರನ್ನು ಗಂಟೆಯಾಕಾರದ ಒಂದು ಪೆಟ್ಟಿಗೆ ಇಳಿಸಿ ನಾಲ್ಕು ಟ್ರಿಪ್‌ನಲ್ಲಿ ಜೀವಂತ ಮೇಲೆ ತಂದರು. 2005ರಲ್ಲಿ ಕಮ್ಚಾಟ್ಕಾ ಹತ್ತಿರ 190 ಮೀಟರ್ ಆಳದಲ್ಲಿ ಬಲೆಗೆ ಸಿಕ್ಕಿಕೊಂಡಿದ್ದ ರಷ್ಯಾದ ಸಣ್ಣ ಸಬ್‌ಮರೀನನ್ನು ಬ್ರಿಟನ್ನಿನ ರೋಬೊ ಬಲೆ ಕತ್ತರಿಸಿ ಬಿಡಿಸಿತು, ಏಳೂ ಜನ ಬದುಕಿದರು. ಕುರ್ಸ್ಕ್ ಆದಾಗ ಕಾದು ಕೂತ ತಪ್ಪು ಅಲ್ಲಿ ಮಾಡಲಿಲ್ಲ, ಬೇಗ ಕರೆದರು. ಮತ್ತೆ 2020ರಲ್ಲಿ ತಲಕಾವೇರಿ ಗುಡ್ಡ ಕುಸಿದಾಗ ಆ ಮಳೆಯಲ್ಲಿ ದಿನಗಟ್ಟಲೆ ಮಣ್ಣು ತೆಗೆದದ್ದು ನಾವೆಲ್ಲ ನೋಡಿದ್ದೇವೆ. ಆಗ ಯಾರಾದರೂ ಖರ್ಚು ಕೇಳಿದರಾ?

ಪ್ರಶ್ನೆ (ಕೂಡಿಗೆ ಸೈನಿಕ ಶಾಲೆಯ ಹುಡುಗ): ಸರ್, ಒಳಗಿನಿಂದ ಈಜಿ ಹೊರಗೆ ಬರಲು ಆಗುತ್ತದೆಯೇ? ನಮ್ಮ ದೇಶದಲ್ಲಿ ಏನು ವ್ಯವಸ್ಥೆ ಇದೆ?

ಉತ್ತರ: ಒಳ್ಳೆ ಪ್ರಶ್ನೆ ಮಗನೇ. ಸುಮಾರು 180 ಮೀಟರ್‌ವರೆಗೆ ಆಗುತ್ತದೆ. ಮೈಮುಚ್ಚುವ ಕಿತ್ತಳೆ ಬಣ್ಣದ ಸೂಟ್ ಹಾಕಿ, ಎಸ್ಕೇಪ್ ಹ್ಯಾಚ್‌ನ ಸಣ್ಣ ಕೋಣೆಗೆ ಹೋಗಿ, ನೀರು ತುಂಬಿಸಿ, ಹೊರಗಿನ ಒತ್ತಡಕ್ಕೆ ಸಮ ಮಾಡಿದ ಮೇಲೆ ಬಾಗಿಲು ತೆರೆದುಕೊಳ್ಳುತ್ತದೆ. ಬಾಟಲಿಯ ಬಿರಡೆ ಹಾಗೆ ಮೇಲೆ ಚಿಮ್ಮುತ್ತೀಯ. ಕಿವಿ, ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಮೇಲೆ ಬಂದವನನ್ನು ಬೇಗ ಎತ್ತಿ ಒತ್ತಡದ ಚೇಂಬರ್‌ಗೆ ಹಾಕಬೇಕು, ಮೇಲೆ ಯಾರೂ ಇಲ್ಲದಿದ್ದರೆ ತಣ್ಣೀರೇ ಕೊಲ್ಲುತ್ತದೆ. ಅದಕ್ಕೇ ಆದಷ್ಟೂ ಒಳಗೇ ಕಾಯುವುದು ಮೇಲು. ಇದನ್ನು ವಿಶಾಖಪಟ್ಟಣದಲ್ಲಿ ನೀರು ತುಂಬಿದ ಟವರ್‌ನಲ್ಲಿ ಕಲಿಸುತ್ತಾರೆ. ಮೊದಲ ಸಲ ನನ್ನ ಕಾಲು ನಡುಗಿದ್ದು ಇವತ್ತಿಗೂ ನೆನಪಿದೆ.

ಕಾಯುವವರನ್ನು ತರಲು ನಮ್ಮ ಹತ್ತಿರ ಎರಡು ಡಿಎಸ್‌ಆರ್‌ವಿ, ಅಂದರೆ ಆಳಕ್ಕೆ ಇಳಿದು ಜನರನ್ನು ಎತ್ತಿ ತರುವ ಸಣ್ಣ ವಾಹನ, ಇವೆ, ಒಂದು ಮುಂಬೈ, ಒಂದು ವಿಶಾಖಪಟ್ಟಣ. ಮೊದಲನೆಯದು ಸೇರಿದ್ದು 2018ರಲ್ಲಿ. 650 ಮೀಟರ್‌ವರೆಗೆ ಇಳಿದು ಹ್ಯಾಚ್‌ಗೆ ಅಂಟಿಕೊಂಡು ಒಂದು ಸಲಕ್ಕೆ 14 ಜನರನ್ನು ತರುತ್ತದೆ. ನಂಗಾಲಾ ಕಾಣೆಯಾದ ಮರುದಿನವೇ ವಿಶಾಖಪಟ್ಟಣದ್ದು ಹೊರಟಿತ್ತು. 2025ರಲ್ಲಿ ಐಎನ್‌ಎಸ್ ನಿಸ್ತಾರ್ ಅಂತ ಇದಕ್ಕೇ ಹೊಸ ಹಡಗೂ ಬಂತು. ನಮ್ಮ ಶಿಶುಮಾರ್ ದರ್ಜೆಯ ಸಬ್‌ಮರೀನ್‌ಗಳಲ್ಲಂತೂ ಎಲ್ಲರೂ ಒಳಗೆ ಕೂತು ಕಳಚಿಕೊಂಡು ಮೇಲೆ ಬರುವ ಒಂದು ಉಕ್ಕಿನ ಗೋಳವೇ ಇದೆ. ಇವೆಲ್ಲ ಆಳ ಕಡಿಮೆ ಇದ್ದು, ಒಡಲು ಉಳಿದಿದ್ದರೆ. ನಾನು ಮೊದಲೇ ಹೇಳಿದ ಷರತ್ತು ನೆನಪಿರಲಿ.

ಪ್ರಶ್ನೆ (ಗೋಣಿಕೊಪ್ಪ): ಅಣ್ಣ ಮೇಲೆ ಕೇಳಿದ್ದು ನನ್ನ ಮಗನ ವಿಷಯವೇ. ಎಲ್ಲ ಓದಿದೆ. ನನಗೆ ಒಂದೇ ಗೊತ್ತಾಗಬೇಕು. ಒಂದು ತಿಂಗಳು ಅವನ ಫೋನ್ ಬರದಿದ್ದರೆ ನಾನು ಏನಂತ ತಿಳಿದುಕೊಳ್ಳಲಿ ಸರ್?

ಉತ್ತರ: ಕಡಲೊಳಗೆ ಇದ್ದಾನೆ ಅಂತ ತಿಳಿದುಕೊಳ್ಳಮ್ಮ, ಅಷ್ಟೇ. ಎಲ್ಲಿಗೆ, ಎಷ್ಟು ದಿನ ಅಂತ ಅವನು ಹೇಳುವ ಹಾಗಿಲ್ಲ, ನೀನೂ ಕೇಳಬೇಡ. ತೊಂದರೆ ಆದರೆ ನೇವಿಯವರೇ ಮನೆಗೆ ತಿಳಿಸುತ್ತಾರೆ, ಯೂಟ್ಯೂಬಿನಿಂದ ಗೊತ್ತಾಗುವುದಿಲ್ಲ. ನನ್ನ ಅಮ್ಮ ಕ್ಯಾಲೆಂಡರ್‌ನಲ್ಲಿ ಗೀಟು ಹಾಕುತ್ತಿದ್ದರು. ಒಂದು ಸಲ 41 ಗೀಟು ಆಗಿತ್ತು.

ಮತ್ತೆ ಒಂದು ಕೆಲಸದ ಮಾತು. ರಜೆಗೆ ಬಂದಾಗ ಅವನ ಬ್ಯಾಗನ್ನು ಒಳಗೆ ತರಬೇಡ, ಹೊರಗೆ ಜಗಲಿಯಲ್ಲೇ ಇಡು. ಡೀಸೆಲ್ ವಾಸನೆ ಬಟ್ಟೆಯಿಂದ ಹೋಗುವುದೇ ಇಲ್ಲ. ನಾನು ಪುತ್ತರಿಗೆ ಬಂದಿದ್ದಾಗ ಅಮ್ಮ ಗೊತ್ತಿಲ್ಲದೆ ನನ್ನ ಬಟ್ಟೆಯನ್ನು ಮನೆಯ ಬೆಡ್‌ಶೀಟ್ ಜೊತೆ ನೆನೆಹಾಕಿದರು. ಹಬ್ಬಕ್ಕೆ ಬಂದ ನೆಂಟರೆಲ್ಲ ಆ ರಾತ್ರಿ ಸಬ್‌ಮರೀನ್‌ನಲ್ಲೇ ಮಲಗಿದ ಹಾಗಾಯಿತು.