ಗೋವಿನಜೋಳದ ರಸಮೇವಿನಲ್ಲಿ ಎ ಜೀವಸತ್ವ ಉಳಿಯುತ್ತದೆಯೇ?

ಪ್ರಶ್ನೆ (ರಾಣೆಬೆನ್ನೂರು ತಾಲೂಕಿನಿಂದ):
ಮುಂಗಾರಿನಲ್ಲಿ ಬಿತ್ತಿದ ಗೋವಿನಜೋಳದಲ್ಲಿ ಎರಡು ಎಕರೆಯನ್ನು ತೆನೆಸಮೇತ ಕೊಯ್ದು ರಸಮೇವು (ಸೈಲೇಜ್, ಅಂದರೆ ಹಸಿ ಮೇವನ್ನು ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿಯಾಗಿಸಿ ಕಾಪಿಟ್ಟ ಮೇವು) ಮಾಡಬೇಕೆಂದಿದ್ದೇನೆ. ಬೇಸಿಗೆಯಲ್ಲಿ ನಮ್ಮ ಮಿಶ್ರತಳಿ ಆಕಳುಗಳಿಗೆ ಒಣ ಕಣಿಕೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಆ ದಿನಗಳಲ್ಲಿ ಅವು ಗಬ್ಬ ನಿಲ್ಲುವುದು ತಡವಾಗುತ್ತದೆ, ಈದ ಮೇಲೆ ಮಾಸು ಬೀಳುವುದೂ ಕಷ್ಟವಾಗುತ್ತದೆ. ಇದಕ್ಕೆ ಎ ಜೀವಸತ್ವದ ಕೊರತೆಯೂ ಒಂದು ಕಾರಣವಿರಬಹುದೆಂದು ಪಶುವೈದ್ಯರು ತಿಳಿಸಿದರು. ಕೊಯ್ದ ಮೇವನ್ನು ಎರಡು ದಿನ ಬಿಸಿಲಿನಲ್ಲಿ ಬಾಡಿಸಿಯೇ ಗುಂಡಿ ತುಂಬಬೇಕೆಂದು ಕೆಲವರು ಹೇಳಿದರೆ, ಹುಳಿಯಾದ ಮೇವಿನಲ್ಲಿ ಸತ್ವವೇ ಉಳಿಯದೆಂದು ಇನ್ನು ಕೆಲವರು ಹೇಳುತ್ತಾರೆ. ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ 1 (ಧಾರವಾಡದಿಂದ):
ಹುಳಿಯಾದರೆ ಸತ್ವ ಹೋಗುತ್ತದೆಂಬ ಮಾತು ಸರಿಯಲ್ಲ. ಮೇವಿನಲ್ಲಿರುವುದು ಬೀಟಾ ಕ್ಯಾರೋಟಿನ್. ಅದನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದು ದನದ ದೇಹ. ಈ ಕ್ಯಾರೋಟಿನ್ ಹಾಳಾಗುವುದು ಬಿಸಿಲು, ಗಾಳಿ ಮತ್ತು ಕಾವಿನಿಂದ. ಗಾಳಿಯಾಡದಂತೆ ತುಳಿದು ಮುಚ್ಚಿದ ಗುಂಡಿಯಲ್ಲಿ ಇವು ಮೂರೂ ಇರುವುದಿಲ್ಲವಾದ್ದರಿಂದ, ಬಯಲಿನಲ್ಲಿ ಒಣಗಿಸಿದ ಮೇವಿಗಿಂತ ರಸಮೇವಿನಲ್ಲಿ ಅದು ಎಷ್ಟೋ ಹೆಚ್ಚು ಉಳಿಯುತ್ತದೆ. ಹಾಗಾಗಿ ಎರಡು ದಿನ ಬಿಸಿಲಿಗೆ ಹಾಕುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ.

ಗೋವಿನಜೋಳವನ್ನು ಬಾಡಿಸುವ ಅಗತ್ಯವೇ ಇಲ್ಲ, ಹದ ನೋಡಿ ಕೊಯ್ದರೆ ಸಾಕು. ತೆನೆಯನ್ನು ನಡುವೆ ಮುರಿದು ಕಾಳು ನೋಡಿ: ಕಾಳಿನ ಹೊರತುದಿಯಿಂದ ಬುಡದತ್ತ ಇಳಿಯುವ ಹಿಟ್ಟಿನ ಗೆರೆ (ಗಟ್ಟಿಯಾದ ಹಿಟ್ಟು ಮತ್ತು ಹಾಲು ಸೇರುವ ಗೆರೆ) ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಬಂದಾಗ ಇಡೀ ಗಿಡದ ಒಣ ಅಂಶ (ನೀರು ಬಿಟ್ಟು ಉಳಿಯುವ ಭಾಗ) ಸುಮಾರು 30ರಿಂದ 35 ಪ್ರತಿಶತ ಇರುತ್ತದೆ. ಕತ್ತರಿಸಿದ ಮೇವನ್ನು ಅರ್ಧ ನಿಮಿಷ ಮುಷ್ಟಿಯಲ್ಲಿ ಹಿಂಡಿದಾಗ ರಸ ತೊಟ್ಟಿಕ್ಕದೆ, ಕೈ ಬಿಟ್ಟ ಮೇಲೆ ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿಯಾಗಿದೆ. ಇನ್ನೂ ತಡಮಾಡಿದರೆ ಎಲೆ ಒಣಗಿ ಕ್ಯಾರೋಟಿನ್ ಹೊಲದಲ್ಲಿಯೇ ಕಡಿಮೆಯಾಗುತ್ತದೆ, ಮೇವು ಗಟ್ಟಿಯಾಗಿ ಕೂರುವುದೂ ಇಲ್ಲ. ಒಂದೆರಡು ಸೆಂಟಿಮೀಟರ್ ತುಂಡು ಮಾಡಿ, ತೆಳುವಾದ ಪದರಗಳಲ್ಲಿ ಟ್ರ್ಯಾಕ್ಟರ್ ಓಡಿಸಿ ತುಳಿಸಿ, ಸಾಧ್ಯವಾದರೆ ಅದೇ ದಿನ ತಾಡಪತ್ರಿ ಮುಚ್ಚಿ ಮೇಲೆ ಭಾರ ಹೇರಿ. ಸುಮಾರು 45 ದಿನ ತೆರೆಯಬೇಡಿ.

ಉತ್ತರ 2 (ಗದಗ ಜಿಲ್ಲೆಯಿಂದ):
ತುಂಬುವಾಗ ಎಷ್ಟೇ ಎಚ್ಚರ ವಹಿಸಿದರೂ ತೆರೆದ ಮೇಲೆ ಕೆಡಿಸಿಕೊಳ್ಳುವವರು ಬಹಳ ಜನ. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಜಿನುಗುತ್ತದೆ. ಆದ್ದರಿಂದ ನೆಲದಲ್ಲಿ ಗುಂಡಿ ತೋಡುವುದಕ್ಕಿಂತ ನೆಲದ ಮೇಲೆ ಗೋಡೆ ಕಟ್ಟಿದ ತೊಟ್ಟಿಯೇ ಮೇಲು. ದಿನವೂ ಮೇವು ತೆಗೆಯುವ ತೆರೆದ ಬದಿಯ ಉದ್ದಕ್ಕೂ ಕನಿಷ್ಠ 15 ಸೆಂಟಿಮೀಟರ್ ಕತ್ತರಿಸಿ ತೆಗೆಯುವಷ್ಟು ದನಗಳಿಲ್ಲದಿದ್ದರೆ ತೊಟ್ಟಿಯ ಅಗಲ ಕಡಿಮೆ ಮಾಡಿ, ಇಲ್ಲವೇ ಚೀಲಗಳಲ್ಲಿ ತುಂಬಿ. ಒಳ್ಳೆಯ ರಸಮೇವು ಹಳದಿ ಮಿಶ್ರಿತ ಹಸಿರು ಬಣ್ಣದಲ್ಲಿದ್ದು ಹಿತವಾದ ಹುಳಿ ವಾಸನೆ ಬೀರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಬೆಲ್ಲದ ವಾಸನೆ ಬಂದರೆ ಒಳಗೆ ಕಾವೇರಿದೆ ಎಂದರ್ಥ. ಅಂಥದ್ದನ್ನು ದನ ಇಷ್ಟಪಟ್ಟು ತಿಂದರೂ ಕ್ಯಾರೋಟಿನ್ ಬಹುಪಾಲು ಹೋಗಿರುತ್ತದೆ.

ಉತ್ತರ 3 (ಧಾರವಾಡದಿಂದ, ಮೊದಲ ಉತ್ತರ ಬರೆದವರು):
ಇ ಜೀವಸತ್ವಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಬಿ ಗುಂಪಿನವು ದನದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಂದಲೇ ತಯಾರಾಗುತ್ತವೆ. ಡಿ ಜೀವಸತ್ವ ರಸಮೇವಿನಲ್ಲಿ ಕಡಿಮೆಯಿದ್ದರೂ ದನ ದಿನಾ ಬಿಸಿಲು ಕಂಡರೆ ಚಿಂತೆಯಿಲ್ಲ. ಆದರೆ ಗೋವಿನಜೋಳದ ರಸಮೇವನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಅದರ ಕ್ಯಾರೋಟಿನ್ ಎಳೆಯ ಹಸಿರು ಹುಲ್ಲಿಗೆ ಸಮನಾಗದು. ಮಳೆಗಾಲದಲ್ಲಿ ಯಕೃತ್ತಿನಲ್ಲಿ ಕೂಡಿಟ್ಟ ಎ ಜೀವಸತ್ವವನ್ನು ದನ ಕೆಲವು ತಿಂಗಳು ಬಳಸಿಕೊಳ್ಳುವುದರಿಂದ ಕೊರತೆ ಕಾಣುವುದು ಬೇಸಿಗೆ ಬಲಿತ ಮೇಲೆಯೇ. ಆ ಹೊತ್ತಿಗೆ ತುಂಬುಗಬ್ಬದ ಆಕಳುಗಳಿಗಾದರೂ ಕುದುರೆಮೆಂತೆ ಅಥವಾ ಅಗಸೆಮರದ ಹಸಿ ಸೊಪ್ಪನ್ನು ರಸಮೇವಿನ ಜೊತೆ ಕೊಡಿ. ಖನಿಜ ಮಿಶ್ರಣ ಕೊಳ್ಳುವಾಗ ಪೊಟ್ಟಣದ ಮೇಲೆ ಎ ಜೀವಸತ್ವವನ್ನು ನಮೂದಿಸಿದ್ದಾರೆಯೇ ಎಂದು ಓದಿ ನೋಡಿ, ಏಕೆಂದರೆ ಎಲ್ಲ ಮಿಶ್ರಣಗಳಲ್ಲಿಯೂ ಅದು ಇರುವುದಿಲ್ಲ.