ಪದಚರ್ಚೆ: ‘ಟೈ ಬ್ರೇಕರ್’ಗೆ ಏನನ್ನೋಣ? ‘ಸೀಡ್’ ಅಂದರೆ ಶ್ರೇಯಾಂಕವೇ?

ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯಲು ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಆಟ ಆಡುವುದು ಹೇಗೆ ಅನ್ನೋದು ಬರೆದಾಯಿತು. ಪಟ್ಟಿಯಲ್ಲಿ ಎರಡು ತಂಡ ಸಮ ನಿಂತರೆ ಯಾರು ಮೇಲೆ ಅನ್ನೋ ಭಾಗಕ್ಕೆ ಬಂದಾಗ ಪದಗಳು ಕೈಕೊಟ್ಟವು. ಮೊದಲನೆಯದೇ ‘ಟೈ ಬ್ರೇಕರ್’.

ಹಾಗೇ ಬಿಟ್ಟರಾಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ 2023ರ ಜನವರಿ 8ರ ಮಧ್ಯಾಹ್ನ ನೆನಪಾಯಿತು. ಅವತ್ತು ಸಿನ್ಸಿನಾಟಿ ಬೆಂಗಾಲ್ಸ್ ಮತ್ತು ಬಾಲ್ಟಿಮೋರ್ ರೇವನ್ಸ್ ಪಂದ್ಯ. ಶಿವಮೊಗ್ಗದಿಂದ ಬಂದಿದ್ದ ನಮ್ಮತ್ತೆ ಮಂಡಕ್ಕಿ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದರು. ಬೆಂಗಾಲ್ಸ್‌ನ ಜೋ ಮಿಕ್ಸನ್ ಟಚ್‌ಡೌನ್ ಮಾಡಿ ಅಂಕ ಗಳಿಸಿದವನೇ ಗ್ಲೌಸ್‌ನಿಂದ ಒಂದು ನಾಣ್ಯ ತೆಗೆದು ಚಿಮ್ಮಿದ. “ಟಾಸು ಶುರುವಿಗೇ ಆಯ್ತಲ್ಲ, ಇವನ್ಯಾಕೆ ಮತ್ತೆ ಹಾಕ್ತಿದಾನೆ?” ಅಂದರು ಅತ್ತೆ.

ಅದಕ್ಕೊಂದು ಹಿನ್ನೆಲೆ ಇತ್ತು. ಆರು ದಿನ ಮುಂಚೆ ಬಫಲೋ ಬಿಲ್ಸ್ ಜೊತೆಗಿನ ಪಂದ್ಯದಲ್ಲಿ ಬಿಲ್ಸ್ ಆಟಗಾರ ಡಮಾರ್ ಹ್ಯಾಮ್ಲಿನ್ ಮೈದಾನದಲ್ಲೇ ಕುಸಿದುಬಿದ್ದು, ಆ ಪಂದ್ಯವೇ ರದ್ದಾಗಿತ್ತು. ಬೆಂಗಾಲ್ಸ್‌ಗೆ ಒಂದು ಪಂದ್ಯ ಕಮ್ಮಿಯಾಗಿ ಲೆಕ್ಕವೆಲ್ಲ ಏರುಪೇರು. ಈ ದಿನ ರೇವನ್ಸ್ ಗೆದ್ದು, ಪ್ಲೇಆಫ್‌ನ ಮೊದಲ ಸುತ್ತಲ್ಲೂ ಇವೇ ಎರಡು ತಂಡ ಎದುರಾದರೆ, ಯಾರ ಊರಲ್ಲಿ ಆಡಬೇಕು ಅಂತ ನಾಣ್ಯ ಚಿಮ್ಮಿ ನೋಡೋಣ ಎಂದು ಲೀಗ್ ಹೇಳಿತ್ತು. ಮಿಕ್ಸನ್ ಅದನ್ನೇ ಅಣಕಿಸಿದ್ದು, ದಂಡವೂ ಬಿತ್ತು ಪಾಪ. ಬೆಂಗಾಲ್ಸ್ 27-16ರಿಂದ ಗೆದ್ದಿದ್ದರಿಂದ ನಾಣ್ಯಕ್ಕೆ ಕೆಲಸವೇ ಬರಲಿಲ್ಲ.

ಇದನ್ನೆಲ್ಲ ವಿವರಿಸುತ್ತ “ಮಾಮೂಲಾಗಿ ಟೈ ಬ್ರೇಕರ್‌ನಲ್ಲಿ ತೀರ್ಮಾನ ಆಗುತ್ತೆ” ಅಂದೆ. “ಆ ಮ್ಯಾಚು ಯಾವತ್ತು?” ಅಂತ ಕೇಳಿಬಿಟ್ಟರು!

ತೊಡಕಿರೋದು ಇಲ್ಲೇ. ನಮ್ಮ ಕಿವಿಗೆ ಟೈ ಬ್ರೇಕರ್ ಅಂದರೆ ಇನ್ನೊಂದಿಷ್ಟು ಆಡುವುದು. ಟೆನಿಸ್‌ನಲ್ಲಿ 6-6 ಆದಾಗ ಆಡುತ್ತಾರಲ್ಲ, ಹಾಗೆ. ಎನ್‌ಎಫ್‌ಎಲ್‌ನಲ್ಲಿ, ಅಂದರೆ ಈ ಅಮೆರಿಕನ್ ಫುಟ್‌ಬಾಲ್ ಲೀಗ್‌ನಲ್ಲಿ, ಯಾರೂ ಹೊಸದಾಗಿ ಏನೂ ಆಡುವುದಿಲ್ಲ. ಆಡಿ ಮುಗಿದ ಪಂದ್ಯಗಳನ್ನೇ ತೆಗೆದು ಒಂದಾದ ಮೇಲೊಂದು ಜರಡಿ ಹಿಡಿಯುತ್ತಾರೆ. ನಮ್ಮ ಐಪಿಎಲ್‌ನ ನೆಟ್ ರನ್‌ರೇಟ್ ಇದ್ದ ಹಾಗೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 27 ರನ್ನಿಂದ ಗೆದ್ದು, ಚೆನ್ನೈನಷ್ಟೇ 14 ಅಂಕ ಇಟ್ಟುಕೊಂಡು ಮುಂದೆ ಹೋದದ್ದು ಯಾರಿಗೆ ಮರೆತಿದೆ? ಅಲ್ಲಿ ಸಾಮಾನ್ಯವಾಗಿ ಆ ರನ್‌ರೇಟ್ ಜರಡಿಯಲ್ಲೇ ಮುಗಿಯುತ್ತದೆ, ಇಲ್ಲಿ ಜರಡಿಗಳೇ ಹನ್ನೆರಡರಷ್ಟು. ಎಷ್ಟು ಅಂತರದಲ್ಲಿ ಗೆದ್ದಿರಿ ಅನ್ನೋದು ತೀರಾ ಕೆಳಗೆ ಬರುತ್ತದೆ, ಕಟ್ಟಕಡೆಗೆ ನಾಣ್ಯ. ಯಾರು ಯಾರನ್ನು ಸೋಲಿಸಿದರು ಅನ್ನೋದೇ ಮೊದಲು. ನನಗಂತೂ ಇದೇ ಹೆಚ್ಚು ನ್ಯಾಯ ಅನ್ನಿಸುತ್ತದೆ.

2008ರಲ್ಲಿ ಮಯಾಮಿ ಡಾಲ್ಫಿನ್ಸ್, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎರಡೂ 11 ಗೆಲುವು 5 ಸೋಲು. ಮುಖಾಮುಖಿ ನೋಡಿದರೆ ಒಂದೊಂದು. ತಮ್ಮ ನಾಲ್ಕು ತಂಡಗಳ ಗುಂಪಿನೊಳಗೆ ಇಬ್ಬರದೂ 4-2. ಇಬ್ಬರೂ ಆಡಿದ ಎದುರಾಳಿಗಳ ಲೆಕ್ಕದಲ್ಲೂ ಬಿಡಿಸಲಾಗಲಿಲ್ಲ. ಕೊನೆಗೆ ಕಾನ್ಫರೆನ್ಸ್ (ಲೀಗ್‌ನ ಅರ್ಧ ಭಾಗ) ಒಳಗಿನ ಲೆಕ್ಕದಲ್ಲಿ ಮಯಾಮಿ 8-4, ಪೇಟ್ರಿಯಟ್ಸ್ 7-5. ಅಷ್ಟಕ್ಕೇ ಗುಂಪು ಹೋಯಿತು, ಉಳಿದ ವೈಲ್ಡ್ ಕಾರ್ಡ್ ಜಾಗವೂ (ಗುಂಪು ಗೆಲ್ಲದವರಿಗೆ ಇರುವ ಪ್ಲೇಆಫ್ ಜಾಗ) ಬಾಲ್ಟಿಮೋರ್ ಪಾಲಾಗಿ ಪೇಟ್ರಿಯಟ್ಸ್ ಮನೆಗೆ ಹೋದರು. ಅದೇ ವರ್ಷ ಇನ್ನೊಂದು ಗುಂಪಲ್ಲಿ ಸ್ಯಾನ್ ಡಿಯಾಗೋ ಬರೀ 8-8 ಇಟ್ಟುಕೊಂಡು ಒಳಗೆ ಬಂತು!

ಇಲ್ಲಿ ಇಬ್ಬರೂ ಆಡಿದ ಎದುರಾಳಿಗಳನ್ನು ‘ಸಾಮಾನ್ಯ ಎದುರಾಳಿಗಳು’ ಅಂತ ಬರೆದು ನೋಡಿದೆ. ಓದಿದವರೊಬ್ಬರು “ಸಾಧಾರಣ ತಂಡಗಳಾ?” ಅಂದರು. ಹೊಡೆದುಹಾಕಿದೆ. ‘ಕಾನ್ಫರೆನ್ಸ್’ಗೆ ಸಮ್ಮೇಳನ ಅಂದರೆ ಅಧ್ಯಕ್ಷರ ಮೆರವಣಿಗೆ ಕಣ್ಣಿಗೆ ಬರುತ್ತದೆ, ಹಾಗಾಗಿ ‘ಬಣ’ ಅಂತ ಇಟ್ಟಿದ್ದೇನೆ. ‘ಡಿವಿಷನ್’ ಕೂಡ ಬೇಡ. ಬೆಂಗಳೂರಿನ ಫುಟ್‌ಬಾಲ್ ನೋಡಿದವರಿಗೆ ಸೂಪರ್ ಡಿವಿಷನ್, ಎ ಡಿವಿಷನ್ ಅಂದರೆ ಮೇಲಿನದು ಕೆಳಗಿನದು ಅಂತ ಅರ್ಥ. ಇಲ್ಲಿ ಮೇಲು ಕೀಳು ಇಲ್ಲ. 32 ತಂಡ, ಎರಡು ಬಣ, ಬಣಕ್ಕೆ ನಾಲ್ಕು ಗುಂಪು, ಅಷ್ಟೇ.

ಇನ್ನು ಬರೀ ‘ಟೈ’. ಪಂದ್ಯ ಸಮವಾಗಿ ಮುಗಿದರೂ ಟೈ, ಪಟ್ಟಿಯಲ್ಲಿ ಸಮ ನಿಂತರೂ ಟೈ. ಒಂದೇ ಪ್ಯಾರಾದಲ್ಲಿ ಎರಡೂ ಬಂದರೆ ಓದುಗ ಕಂಗಾಲು. ಪಂದ್ಯಕ್ಕೆ ಪತ್ರಿಕೆಗಳ ‘ಸಮಬಲ’ ಇರಲಿ, ಪಟ್ಟಿಗೆ ‘ಸರಿಸಮ’ ಅನ್ನೋಣವೇ? ಟೈ ಬ್ರೇಕರ್‌ಗೆ ಅತ್ತೆ ಬಾಯಲ್ಲೇ ಒಂದು ಬಂತು. ನಾನು ಹೇಳಿದ್ದನ್ನೆಲ್ಲ ಕೇಳಿ “ಓ, ಸಮ ಬಿಡಿಸೋದು” ಅಂದರು. ‘ಸಮ ಬಿಡಿಸುವ ನಿಯಮ’ ಅಂದರೆ ಯಾರೂ ಮ್ಯಾಚ್ ಯಾವತ್ತು ಅಂತ ಕೇಳಲ್ಲ, ಅಲ್ವಾ? ‘ಸಮಬಲ ಭಂಜಕ’ ಅಂತ ದಯವಿಟ್ಟು ಯಾರೂ ಸೂಚಿಸಬೇಡಿ.

ನನ್ನ ನಿಜವಾದ ತಲೆನೋವು ‘ಸೀಡ್’, ಅಂದರೆ ಪ್ಲೇಆಫ್‌ಗೆ ಹೋದ ತಂಡಗಳಿಗೆ ಕೊಡುವ ಸಂಖ್ಯೆ. ಯಾರ ಊರಲ್ಲಿ ಆಡಬೇಕು ಅನ್ನೋದು ಇದರ ಮೇಲೆ ನಿಂತಿದೆ. ಟೆನಿಸ್ ವರದಿಗಳಲ್ಲಿ ‘ಅಗ್ರ ಶ್ರೇಯಾಂಕದ ಆಟಗಾರ’ ಅಂತ ಓದಿ ರೂಢಿ. ಶ್ರೇಯ ಅಂದ ಮೇಲೆ ಹೆಚ್ಚು ಗೆದ್ದವರು ಮೇಲೆ ಅನ್ನೋ ಭಾವ ಬಂದೇ ಬರುತ್ತದೆ. ಇಲ್ಲಿ ಹಾಗಿಲ್ಲ. ಬಣಕ್ಕೆ ಏಳು ತಂಡ ಪ್ಲೇಆಫ್‌ಗೆ ಹೋಗುತ್ತವೆ. ನಾಲ್ಕು ಗುಂಪು ಗೆದ್ದವರಿಗೆ 1ರಿಂದ 4, ವೈಲ್ಡ್ ಕಾರ್ಡ್‌ನಲ್ಲಿ ಬಂದ ಮೂವರಿಗೆ 5ರಿಂದ 7, ಅವರು ಎಷ್ಟೇ ಗೆದ್ದಿರಲಿ. ಬಣಕ್ಕೆ ಆರೇ ತಂಡ ಇದ್ದ 2010ರಲ್ಲಿ ಸಿಯಾಟಲ್ ಸೀಹಾಕ್ಸ್ 7-9. ಅಂದರೆ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಅಷ್ಟೇ ಗೆದ್ದಿದ್ದ ಸೇಂಟ್ ಲೂಯಿಸ್ ರ‍್ಯಾಮ್ಸ್ ಜೊತೆ ಸಮ ಬಿಡಿಸಿಕೊಂಡು ಗುಂಪು ಗೆದ್ದು 4ನೇ ಸೀಡ್ ಆದರು. 11-5 ಇದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ 5ನೇ ಸೀಡ್, ಅವರೇ ಸಿಯಾಟಲ್‌ವರೆಗೆ ಹೋಗಿ ಆಡಬೇಕಾಯಿತು, ಹೋಗಿ 41-36ರಿಂದ ಸೋತರು ಕೂಡ. ಏಳು ಪಂದ್ಯ ಗೆದ್ದವರಿಗೆ ಮೇಲಿನ ‘ಶ್ರೇಯಾಂಕ’ ಅಂತ ಬರೆಯಲು ಕೈ ಬರುತ್ತಿಲ್ಲ.

‘ಸಾಲುಸಂಖ್ಯೆ’, ‘ಪಂಕ್ತಿ’ ಎರಡೂ ಬರೆದು ನೋಡಿದೆ. ಮೊದಲನೆಯದು ಪಡಿತರ ಅಂಗಡಿ ಥರ ಇದೆ, ಎರಡನೆಯದಕ್ಕೆ ಬಾಳೆ ಎಲೆ ಹಾಕಬೇಕು. ಸದ್ಯಕ್ಕೆ ಆ ಜಾಗ ಖಾಲಿ ಬಿಟ್ಟು ಮುಂದೆ ಬರೆಯುತ್ತಿದ್ದೇನೆ. ಸಂಪಾದಕರಿಗೆ ಮುಂದಿನ ಭಾನುವಾರ ಕೊಡಬೇಕು, ಅಷ್ಟರೊಳಗೆ ಯಾರಿಗಾದರೂ ಹೊಳೆದರೆ ಹೇಳಿ.